ಅಂಗೈ ಮುದ್ರೆಯಿಂದ ಆಧಾರ್ ಸಂಖ್ಯೆಯವರೆಗೆ

ಪ್ರಜೆಯ ಗುರುತನ್ನು ಯಂತ್ರದಿಂದ ಪರೀಕ್ಷಿಸುವ ಪದ್ಧತಿ ತೀರ ಹೊಸದೆಂದು ಅನೇಕರ ಭಾವನೆ. ಯಂತ್ರವೇನೋ ಹೊಸದು; ಆದರೆ ಮನುಷ್ಯನ ಮಾತಿಗಿಂತ ಅವನ ಕೈಯನ್ನು ಹೆಚ್ಚಾಗಿ ನಂಬುವ ಆಡಳಿತಬುದ್ಧಿ ನಮ್ಮ ದೇಶದಲ್ಲಿ ಒಂದೂವರೆ ಶತಮಾನಕ್ಕಿಂತ ಹಳೆಯದು.

೧೮೫೮ರ ಜುಲೈ ತಿಂಗಳಿನಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ಲನು, ರಸ್ತೆಗೆ ಹಾಸುವ ಸಾಮಗ್ರಿಯನ್ನು ಒದಗಿಸಲು ರಾಜ್ಯಧರ ಕೊನಾಯಿ ಎಂಬವನೊಡನೆ ಕರಾರು ಮಾಡಿಕೊಂಡನು. ಸಹಿ ತನ್ನದಲ್ಲವೆಂದು ಆತನು ಮುಂದೆ ನಿರಾಕರಿಸದಿರಲೆಂದು ಕಾಗದದ ಹಿಂಬದಿಯಲ್ಲಿ ಅವನ ಅಂಗೈ ಮುದ್ರೆಯನ್ನು ಒತ್ತಿಸಿಕೊಂಡನು. ಅದರಲ್ಲಿ ಶಾಸ್ತ್ರಕ್ಕಿಂತ ಅಂಜಿಕೆ ಹುಟ್ಟಿಸುವ ಉದ್ದೇಶವೇ ಮುಖ್ಯವಾಗಿತ್ತು. ೧೮೭೭ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿದ್ದಾಗ ಆತನೇ ನಿವೃತ್ತಿವೇತನ ಪಡೆಯುವವರ ಹಾಗೂ ದಸ್ತೈವಜು ನೋಂದಾಯಿಸುವವರ ಬೆರಳಚ್ಚುಗಳನ್ನು ತೆಗೆದುಕೊಳ್ಳತೊಡಗಿದನು. ಸತ್ತವರ ಹೆಸರಿನಲ್ಲಿ ಬದುಕಿರುವವರು ಹಣ ಎತ್ತದಂತೆ ತಡೆಯುವುದು ಅದರ ಒಂದು ಗುರಿ. ೧೮೯೭ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚು ಕಾರ್ಯಾಲಯವು ಸ್ಥಾಪಿತವಾಯಿತು. ಅಲ್ಲಿಯ ವರ್ಗೀಕರಣಕ್ಕೆ ಎಡ್ವರ್ಡ್ ಹೆನ್ರಿಯ ಹೆಸರು ನಿಂತಿತು; ಅದಕ್ಕಾಗಿ ದುಡಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸರ ಹೆಸರುಗಳು ಬಹುಕಾಲ ಮರೆಯಲ್ಲಿಯೇ ಉಳಿದವು.

೨೦೦೯ರಲ್ಲಿ ರಚಿತವಾದ ವಿಶಿಷ್ಟ ಗುರುತು ಪ್ರಾಧಿಕಾರಕ್ಕೆ ಬೆಂಗಳೂರಿನ ನಂದನ್ ನಿಲೇಕಣಿಯವರು ಮೊದಲ ಅಧ್ಯಕ್ಷರಾದರು. ೨೦೧೦ರ ಸೆಪ್ಟೆಂಬರ್ ೨೯ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭಲಿ ಗ್ರಾಮದಲ್ಲಿ ಹನ್ನೆರಡಂಕಿಯ ಮೊದಲ ಸಂಖ್ಯೆಗಳು ವಿತರಣೆಯಾದವು. ಯಾವ ಕಾಗದಪತ್ರವೂ ಇಲ್ಲದ ಬಡವನಿಗೆ ಒಂದು ಗುರುತು ದೊರೆಯಬೇಕು, ಪಟ್ಟಿಗಳಲ್ಲಿ ಸೇರಿಕೊಂಡ ಹುಸಿ ಹೆಸರುಗಳು ಹೋಗಬೇಕು ಎಂಬುದು ಯೋಜನೆಯ ಆಶಯ. ಊರು ಬಿಟ್ಟು ಊರಿಗೆ ದುಡಿಯಲು ಹೋಗುವವನಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಒಂದು ಭೇದವನ್ನು ಮರೆಯಲಾಗದು. ಹರ್ಷೆಲ್ಲನ ಕರಾರಿನ ಮುದ್ರೆ ವಿವಾದ ಎದ್ದರೆ ಮಾತ್ರ ಸಾಕ್ಷಿ. ಈಗ ಅನೇಕ ಕಡೆ ಪಡಿತರ ಪಡೆಯುವಾಗಲೆಲ್ಲ ಬೆರಳು ಸಾಕ್ಷಿ ಹೇಳಬೇಕು. ಕಲ್ಲು ಒಡೆದು, ಹೊಲ ಗೆಯ್ದು, ಪಾತ್ರೆ ತಿಕ್ಕಿ ರೇಖೆ ಸವೆದ ಬೆರಳನ್ನು ಯಂತ್ರವು ಕೆಲವೊಮ್ಮೆ ಗುರುತಿಸದು. ಆಗ ಬರಿಗೈಯಲ್ಲಿ ಮರಳುವವನು ವಂಚಕನಲ್ಲ, ದುಡಿದವನು.

ಈ ಯೋಜನೆಯನ್ನು ೨೦೧೨ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ಸಾರಿತು. ೨೦೧೮ರ ಸೆಪ್ಟೆಂಬರ್ ೨೬ರ ಬಹುಮತದ ತೀರ್ಪು ಸರ್ಕಾರಿ ಸಹಾಯಧನಕ್ಕೆ ಆಧಾರ್ ಬಳಕೆಯನ್ನು ಎತ್ತಿಹಿಡಿಯಿತು. ಬ್ಯಾಂಕ್ ಖಾತೆಗೆ ಅದನ್ನು ಕಡ್ಡಾಯಗೊಳಿಸಿದ್ದನ್ನು ತಳ್ಳಿಹಾಕಿತು.

ಕೊನಾಯಿಯ ಮುದ್ರೆಯನ್ನು ಪಡೆದದ್ದು ಪ್ರಜೆ ಸರ್ಕಾರಕ್ಕೆ ಕೊಟ್ಟ ಮಾತು ತಪ್ಪದಿರಲೆಂದು. ಸ್ವತಂತ್ರ ರಾಷ್ಟ್ರದಲ್ಲಿ ಅದೇ ಮುದ್ರೆ, ಸರ್ಕಾರ ಪ್ರಜೆಗೆ ಕೊಟ್ಟ ಮಾತು ತಪ್ಪದಿರುವುದಕ್ಕೂ ಸಾಧನವಾಗಬೇಕು. ಎಷ್ಟು ಬೆರಳುಗಳು ಹೊಂದಿದವೆಂಬುದಕ್ಕಿಂತ, ಹೊಂದದ ಬೆರಳಿನವನಿಗೂ ಅಂದಿನ ಅಕ್ಕಿ ಸಿಕ್ಕಿತೇ ಎಂಬುದೇ ಈ ವ್ಯವಸ್ಥೆಯ ನಿಜವಾದ ಪರೀಕ್ಷೆ.