ಪ್ಲೇಗಿನಿಂದ ನಮ್ಮ ಕ್ಲಿನಿಕ್‌ವರೆಗೆ: ಬೆಂಗಳೂರಿನ ಆರೋಗ್ಯ ಯಾರ ಪಾಲಿಗೆ?

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಜನ ಸಾಯತೊಡಗಿದಾಗ ಮೈಸೂರು ಸರ್ಕಾರ ಊರನ್ನೇ ಹಿಗ್ಗಿಸಿತು. ಬಸವನಗುಡಿ, ಮಲ್ಲೇಶ್ವರ ರೂಪುಗೊಂಡದ್ದು ಆಗ. ನೇರ ರಸ್ತೆ, ಗಾಳಿ ಬೆಳಕು ಆಡುವ ಮನೆ, ಹಿಂಬದಿಯಲ್ಲೊಂದು ಮಲ ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯೂ ಬಾಗಿಲು ತೆರೆಯಿತು. ಆ ಕಾಲಕ್ಕೆ ಅದು ಮುಂದಾಲೋಚನೆಯ ಕೆಲಸವೇ ಸರಿ. ಆದರೆ ನಿವೇಶನಗಳು ಹಂಚಿಕೆಯಾದದ್ದು ಜಾತಿ ನೋಡಿ. ಮಲ ಹೊತ್ತು ಊರನ್ನು ಶುಚಿಯಾಗಿಟ್ಟವರು ಬಂದು ಹೋಗಬೇಕಾದದ್ದು ಆ ಹಿಂದಿನ ಗಲ್ಲಿಯಲ್ಲೇ. ನಗರ ಆರೋಗ್ಯದ ಮೊದಲ ದೊಡ್ಡ ಯೋಜನೆಯಲ್ಲೇ ಕೆಲವರು ಫಲಾನುಭವಿಗಳಾದರು, ಕೆಲವರು ಬರೀ ದುಡಿಮೆಗಾರರಾದರು.

ಬಡತನವೇ ರೋಗದ ಬೇರು ಎಂಬ ಅರಿವು ಯುರೋಪಿನಲ್ಲಿ ಹಳೆಯದು. 1848ರಲ್ಲೇ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಸಾಂಕ್ರಾಮಿಕ ಜ್ವರಕ್ಕೆ ಮದ್ದಾಗಿ ಶಿಕ್ಷಣ ಮತ್ತು ಸ್ವರಾಜ್ಯವನ್ನು ಕೇಳಿದ್ದ. 1978ರ ಆಲ್ಮಾ ಆಟಾ ಘೋಷಣೆ ಪ್ರಾಥಮಿಕ ಆರೋಗ್ಯವನ್ನು ಎಲ್ಲರ ಹಕ್ಕಿನ ಮಾತಾಗಿಸಿತು. 2008ರಲ್ಲಿ ಮೈಕಲ್ ಮಾರ್ಮಟ್ ಅಧ್ಯಕ್ಷತೆಯ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ ಗ್ಲಾಸ್ಗೋದ ಲೆಕ್ಕ ಮುಂದಿಟ್ಟಾಗ ಎಲ್ಲರೂ ಬೆಚ್ಚಿದರು: ಅಲ್ಲಿನ ಕಾಲ್ಟನ್ ಬಡಾವಣೆಯ ಗಂಡಸರ ಸರಾಸರಿ ಆಯಸ್ಸು 54 ವರ್ಷ, ಕೆಲವೇ ಮೈಲಿ ದೂರದ ಲೆಂಜಿಯಲ್ಲಿ 82. ಇಡೀ ಊರಿನ ಸರಾಸರಿಯೊಂದನ್ನೇ ನೋಡಿದ್ದರೆ ಈ 28 ವರ್ಷಗಳ ಕಂದರ ಕಾಣುತ್ತಲೇ ಇರಲಿಲ್ಲ.

ನಮ್ಮಲ್ಲಿ 1973ರ ಕೊಳಗೇರಿ ಕಾಯ್ದೆ ಒಂದು ಹೆಜ್ಜೆ. ಆದರೂ ಸರ್ಕಾರದ ಕಡತದಲ್ಲಿ ‘ಘೋಷಿತ’ವಾಗದ ಕೇರಿಗಳು ಸೌಲಭ್ಯಗಳಿಗಾಗಿ ಕಾಯುತ್ತಲೇ ಉಳಿದವು. ನನ್ನ ಮಟ್ಟಿಗೆ ನಿಜವಾದ ತಿರುವು ತಂದದ್ದು 1990ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಬಂದ ಎಂಟನೇ ಭಾರತ ಜನಸಂಖ್ಯಾ ಯೋಜನೆ. ಅದು ಕೇರಿಯ ಹೆಣ್ಣುಮಕ್ಕಳನ್ನೇ ಆರೋಗ್ಯ ಕೇಂದ್ರಕ್ಕೆ ಕೊಂಡಿಯಾಗುವ ಲಿಂಕ್ ವರ್ಕರ್‌ಗಳನ್ನಾಗಿ ಆರಿಸಿಕೊಂಡಿತು. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮಗುವಿಗೆ ಲಸಿಕೆ ತಪ್ಪಿದೆ ಎಂಬುದು ಪಕ್ಕದ ಮನೆಯವಳಿಗೆ ತಿಳಿದಷ್ಟು ಯಾವ ಕಚೇರಿಗೂ ತಿಳಿಯದು. 2001ರಲ್ಲಿ ಡಾ. ಎಚ್. ಸುದರ್ಶನ್ ನೇತೃತ್ವದ ರಾಜ್ಯದ ಆರೋಗ್ಯ ಕಾರ್ಯಪಡೆ ತನ್ನ ವರದಿಯ ಹೆಸರಿನಲ್ಲೇ ಸಮಾನತೆಯನ್ನು ಮೊದಲಿಗಿಟ್ಟಿತು. 2013ರ ರಾಷ್ಟ್ರೀಯ ನಗರ ಆರೋಗ್ಯ ಮಿಷನ್ 50,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 200ರಿಂದ 500 ಮನೆಗಳಿಗೊಬ್ಬ ಆಶಾ ಕಾರ್ಯಕರ್ತೆ ಎಂಬ ಅಳತೆ ಕೊಟ್ಟಿತು.

ಆಮೇಲೆ ಬಂದದ್ದು ರಾಜ್ಯ ಸರ್ಕಾರದ ಉಚಿತ ಚಿಕಿತ್ಸಾಲಯ ‘ನಮ್ಮ ಕ್ಲಿನಿಕ್’. ಬೆಂಗಳೂರಿನ ಆಗಿನ 243 ವಾರ್ಡುಗಳಿಗೆ ತಲಾ ಒಂದು ಎಂಬ ಲೆಕ್ಕ. 2023ರ ಫೆಬ್ರವರಿಯಲ್ಲಿ ನಗರದಲ್ಲಿ ತೆರೆಯತೊಡಗಿದವು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಮನೆಯ ಹತ್ತಿರವೇ ಪುಕ್ಕಟೆ ಸಿಗುವುದು ಸಣ್ಣ ಮಾತಲ್ಲ. ಆದರೆ ಬಂಗಲೆಗಳ ವಾರ್ಡಿಗೂ ಒಂದು, ಶೀಟಿನ ಮನೆಗಳ ವಾರ್ಡಿಗೂ ಒಂದು ಎಂದರೆ ಅದು ಸಮಪಾಲು, ಸಮಾನತೆಯಲ್ಲ. ಶುರುವಿನಲ್ಲಿ ನಿಗದಿಯಾದ ಬೆಳಿಗ್ಗೆ 9ರಿಂದ ಸಂಜೆ 4.30ರ ವೇಳೆಯಲ್ಲಿ ಗಾರೆ ಕೆಲಸದವರು, ಮನೆಗೆಲಸದವರು ಒಂದು ದಿನದ ಕೂಲಿ ಬಿಟ್ಟೇ ಬರಬೇಕಿತ್ತು. ಸಂಜೆ ಹೊತ್ತಿನ ಸೇವೆಯ ಮಾತು ಮಿಷನ್ನಿನ ಮಾರ್ಗಸೂಚಿಯಲ್ಲೇ ಇತ್ತು.

ಆರೋಗ್ಯದ ಬಹುಪಾಲು ತಯಾರಾಗುವುದು ಕ್ಲಿನಿಕ್ಕಿನ ಹೊರಗೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಚಾಲನೆಗೊಂಡದ್ದು 2024ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಬೋರ್‌ವೆಲ್, ಟ್ಯಾಂಕರ್ ನೀರೇ ಗತಿ. ದುಡ್ಡಿದ್ದವರು ಕೊಂಡರು, ಇಲ್ಲದವರು ಸಿಕ್ಕಿದ್ದನ್ನು ಕುಡಿದರು. ಅಗ್ಗದ ಊಟದ 2017ರ ಇಂದಿರಾ ಕ್ಯಾಂಟೀನ್, ಹೆಂಗಸರಿಗೆ 2023ರ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಇವನ್ನೂ ಆರೋಗ್ಯದ ಯೋಜನೆಗಳೆಂದೇ ಎಣಿಸಬೇಕು. ತಪಾಸಣೆಗೆ ಹೋಗುವ ಹೆಂಗಸಿಗೆ ಬಸ್ ಚಾರ್ಜೂ ಚಿಕಿತ್ಸೆಯ ಖರ್ಚೇ.

2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ನಗರಕ್ಕೆ ಐದು ಪಾಲಿಕೆಗಳಾಗಿವೆ. ಈ ಹೊಸ ವ್ಯವಸ್ಥೆಯಲ್ಲಾದರೂ ಗಾಲಿಕುರ್ಚಿ ಬಳಸುವವರು, ಲಿಂಗತ್ವ ಅಲ್ಪಸಂಖ್ಯಾತರು, ಯಾದಗಿರಿ ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದು ವಿಳಾಸದ ದಾಖಲೆಯಿಲ್ಲದೆ ಬದುಕುವ ಕುಟುಂಬಗಳು, ಪೌರಕಾರ್ಮಿಕರು ಯೋಜನೆ ಬರೆಯುವ ಮೇಜಿನ ಮುಂದೆಯೇ ಕೂರಬೇಕು. ಪ್ರತಿ ಪಾಲಿಕೆಯೂ ತಾಯಿ ಮರಣ, ಕ್ಷಯ, ಅಪೌಷ್ಟಿಕತೆಯ ಅಂಕಿಗಳನ್ನು ವಾರ್ಡುವಾರು ಪ್ರಕಟಿಸಲಿ, ಅತಿ ಕೆಟ್ಟ ಸ್ಥಿತಿಯ ವಾರ್ಡಿಗೆ ಮೊದಲ ಹಣ ಹೋಗಲಿ. ಓದುಗರೇ, ನಿಮ್ಮ ವಾರ್ಡ್ ಸಮಿತಿಯ ಸಭೆಗೆ ಹೋದಾಗ ರಸ್ತೆ ಗುಂಡಿಯ ಜೊತೆಗೆ ಈ ಲೆಕ್ಕವನ್ನೂ ಕೇಳಿ.