ಬದನವಾಳಿನ ನೂಲಿನ ಮನೆ

ನಮ್ಮ ಕೊಯಿಲದ ಕಡೆ ಗದ್ದೆ ಹೋಗಿ ಅಡಿಕೆ ತೋಟ ಬಂದ ಹಾಗೆ ಸಣ್ಣ ಅಕ್ಕಿ ಮಿಲ್ಲುಗಳೂ ಒಂದೊಂದಾಗಿ ನಿಂತವು. ಹೆಂಚು ಜಾರಿದ ಅಂಥ ಕಟ್ಟಡ ಕಂಡರೆ ಕೆಡವಿ ಅಂಗಡಿ ಕೋಣೆ ಕಟ್ಟುವ ಮಾತೇ ನಮ್ಮ ಬಾಯಿಗೆ ಮೊದಲು ಬರುವುದು. ಘಟ್ಟದ ಮೇಲೆ ಒಂದು ಊರಿನಲ್ಲಿ ಹಾಗಾಗಲಿಲ್ಲ.

ಅದು ನಂಜನಗೂಡು ತಾಲೂಕಿನ ಬದನವಾಳು. ಅಲ್ಲಿದ್ದದ್ದು ಯಂತ್ರದ ಮಿಲ್ಲಲ್ಲ, ಮಿಲ್ಲಿನ ಬಟ್ಟೆಗೆ ಎದುರಾಗಿ ಹುಟ್ಟಿದ ಖಾದಿ ಕೇಂದ್ರ. ಆ ಸೀಮೆಯಲ್ಲಿ ಚರಕ ಹರಡಿದವರು ತಗಡೂರು ರಾಮಚಂದ್ರರಾಯರು. 1927ರಲ್ಲಿ ಆರೋಗ್ಯ ಕೆಟ್ಟು ನಂದಿ ಬೆಟ್ಟದಲ್ಲಿ ವಿಶ್ರಾಂತಿ ಪಡೆದ ಗಾಂಧೀಜಿ, ಚೇತರಿಸಿಕೊಂಡ ಮೇಲೆ ಮೈಸೂರು ಸಂಸ್ಥಾನ ಸುತ್ತಿದರು. ಬದನವಾಳಿಗೂ ಬಂದರು. ಇಲ್ಲಿ ನೂಲುತ್ತಿದ್ದವರಲ್ಲಿ ದಲಿತ ಹೆಂಗಸರು ಇದ್ದರು. ಮುಟ್ಟಿಸಿಕೊಳ್ಳದ ಕಾಲದಲ್ಲಿ ಅವರ ಕೈಯ ನೂಲು ಎಲ್ಲರ ಮೈಮೇಲಿನ ಬಟ್ಟೆಯಾಯಿತು. ಗಾಂಧೀಜಿ ಬಂದದ್ದಕ್ಕಿಂತ ಇದೇ ದೊಡ್ಡದು ಎಂದು ನಮಗೆ ಅನಿಸುತ್ತದೆ.

ಆಮೇಲೆ ಅಗ್ಗದ ಬಟ್ಟೆ ಬಂತು, ಕೆಲಸ ಇಳಿಯಿತು, ಹೆಂಚಿನ ಕಟ್ಟಡಗಳು ಪಾಳು ಬಿದ್ದವು.

ಊರೂ ಒಡೆಯಿತು. 1993ರಲ್ಲಿ ದೇವಸ್ಥಾನ ಪ್ರವೇಶದ ಜಗಳ ಬೆಳೆದು ಮೂವರು ದಲಿತರ ಕೊಲೆಯಾಯಿತು. ದಲಿತರ ಬೀದಿಗೂ ಲಿಂಗಾಯತರ ಬೀದಿಗೂ ನಡುವಿನ ದಾರಿ ಮುಚ್ಚಿತು. ಹಳೆಯ ಕಟ್ಟಡದ ಕಥೆ ಹೇಳುವವರು ಈ ಭಾಗ ಬಿಟ್ಟುಬಿಡುವುದುಂಟು. ಬಿಡಬಾರದು.

2015ರಲ್ಲಿ ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ ಆ ಪಾಳು ಕೇಂದ್ರದಲ್ಲೇ ಬಂದು ಕೂತರು. ಭೀಮನಕೋಣೆಯಲ್ಲಿ ಹೆಂಗಸರ ಕೈಮಗ್ಗ ಸಂಘ ‘ಚರಕ’ವನ್ನು ಕಟ್ಟಿದವರು ಅವರು. ಬದನವಾಳು ಸತ್ಯಾಗ್ರಹ ಎಂದು ಹೆಸರಾಯಿತು. ಬೇರೆ ಬೇರೆ ಕಡೆಯಿಂದ ಜನ ಪಾದಯಾತ್ರೆಯಲ್ಲಿ ಬಂದರು. ಏಪ್ರಿಲ್ 19ರಂದು ಸುಸ್ಥಿರ ಬದುಕಿನ ಸಮಾವೇಶ ಅದೇ ಅಂಗಳದಲ್ಲಿ ನಡೆಯಿತು. ರೈತರು, ನೇಕಾರರು, ಕಾಲೇಜು ಮಕ್ಕಳು ಬಿಸಿಲಲ್ಲಿ ಒಟ್ಟಿಗೆ ಕೂತರು. ಬಣ್ಣ ಬಳಿದು ಬೋರ್ಡು ತೂಗುಹಾಕಿದ್ದರೆ ಇಷ್ಟು ಜನ ಬರುತ್ತಿದ್ದರೋ ಇಲ್ಲವೋ.

2022ರ ಅಕ್ಟೋಬರ್ 2ರಂದು ಭಾರತ್ ಜೋಡೋ ಯಾತ್ರೆಯ ನಡುವೆ ರಾಹುಲ್ ಗಾಂಧಿ ಅಲ್ಲಿಗೆ ಬಂದರು. ರಾಜಕೀಯ ಏನೇ ಇರಲಿ, ಎರಡು ಬೀದಿಗಳ ನಡುವೆ ಸುಮಾರು ಮೂವತ್ತು ವರ್ಷ ಮುಚ್ಚಿದ್ದ ದಾರಿ ಅಂದು ತೆರೆಯಿತು. ಎರಡೂ ಬೀದಿಯವರು ಒಟ್ಟಿಗೆ ಕೂತು ಉಂಡರು. ಕೇಂದ್ರದ ಒಳಗೆ ಅಂದೂ ನೂಲುತ್ತಿದ್ದವರು ಹೆಂಗಸರೇ.