ಹಾಡು ಶರೀಫರದು, ಧಾಟಿ ಯಾರದು?

ಹೋದ ಶ್ರಾವಣದಾಗ ಸಂಶಿಯ ಭಜನಾ ಮೇಳದವರು ಹಾಡಿದ ಒಂದು ಶರೀಫರ ಪದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಒಂದು ಆ್ಯಪ್‌ಗೆ ಹಾಕಿದ್ದೆ. ಮರುದಿನ ನೋಡಿದರೆ ವಿಡಿಯೊ ಮೂಕ. ದನಿ ತೆಗೆದಿದ್ದರು, ಕೆಳಗೆ ಕಾಪಿರೈಟ್ ನೋಟಿಸ್. ಮೇಳದ ಹಿರಿಯರಿಗೆ ಸಿಟ್ಟು ಬಂತು. ಶಿಶುನಾಳ ಇಲ್ಲೇ ಹತ್ತಿರ, ಗುರು ಗೋವಿಂದ ಭಟ್ಟರ ಕಳಸ ನಮ್ಮ ಕುಂದಗೋಳ ತಾಲ್ಲೂಕಿನೊಳಗೇ ಐತಿ, ನಮ್ಮ ಪದ ನಾವು ಹಾಡಿದರೆ ತಡೆಯಲಿಕ್ಕೆ ಇವರ್ಯಾರು ಅಂತ. ನನಗೂ ಹಂಗೇ ಅನಿಸಿತ್ತು. ಕಾಯ್ದೆ ಓದಲಿಕ್ಕೆ ಕುಂತ ಮೇಲೆ ಅರ್ಧ ಸಿಟ್ಟು ಇಳೀತು, ಇನ್ನರ್ಧ ಹಂಗೇ ಉಳೀತು.

ಮೊದಲು ಪದದ ಮಾತು. ಶರೀಫರು ಹುಟ್ಟಿದ್ದು 1819, ತೀರಿಕೊಂಡಿದ್ದು 1889. ಆಗ ನಡೆಯುತ್ತಿದ್ದ 1847ರ ಕಾಯ್ದೆಯಲ್ಲಿ ಲೇಖಕರ ಜೀವಿತಾವಧಿ ಮತ್ತು ಅದರ ಮೇಲೆ 7 ವರ್ಷ, ಇಲ್ಲವೇ ಒಟ್ಟು 42 ವರ್ಷ, ಯಾವುದು ದೊಡ್ಡದೋ ಅಷ್ಟೇ ಹಕ್ಕು. ಬಾಯಿಂದ ಬಾಯಿಗೆ ಬಂದ ಪದಗಳಿಗೆ ಅದನ್ನೂ ಯಾರೂ ಕೇಳಿರಲಿಕ್ಕಿಲ್ಲ ಬಿಡ್ರಿ. ಯಾವ ಲೆಕ್ಕದಲ್ಲೂ ಶರೀಫರ ಸಾಹಿತ್ಯ ಇವತ್ತು ಎಲ್ಲರ ಸೊತ್ತು.

ಆದರೆ ಧಾಟಿ? ನಮ್ಮ ಹುಡುಗರು ಹಾಡಿದ್ದು ಅಜ್ಜಂದಿರ ಧಾಟಿಯಲ್ಲಲ್ಲ, ಸಿ. ಅಶ್ವತ್ಥ್ ಕೂಡಿಸಿದ ಧಾಟಿಯಲ್ಲಿ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತಲ್ಲ, ಅದರ ಸಂಗೀತವೂ ಅವರದೇ. ಅಶ್ವತ್ಥ್ ತೀರಿಕೊಂಡಿದ್ದು 2009ರ ಡಿಸೆಂಬರ್ 29. ಸಂಗೀತ ರಚನೆಗೆ ಕರ್ತೃವಿನ ಮರಣಾನಂತರ 60 ವರ್ಷ ರಕ್ಷಣೆ, ಮುಂದಿನ ಕ್ಯಾಲೆಂಡರ್ ವರ್ಷದಿಂದ ಎಣಿಕೆ. ಅಂದರೆ ಅವರ ಸ್ವಂತ ಧಾಟಿಗಳು ಬಿಡುಗಡೆ ಆಗೋದು 2070ರ ಜನವರಿ 1ಕ್ಕೆ. ಕ್ಯಾಸೆಟ್ಟಿನ ಧ್ವನಿಮುದ್ರಣಕ್ಕೆ ಬೇರೆಯದೇ ಲೆಕ್ಕ, ಪ್ರಕಟವಾದ ಮೇಲೆ 60 ವರ್ಷ. ಹಿಂಗ ಒಂದೇ ಹಾಡಿನೊಳಗೆ ಮೂರು ಮಾಲೀಕತ್ವ.

ಗುಡಿಯೊಳಗೆ ಹಾಡಲಿಕ್ಕೆ ತಡೆ ಇಲ್ಲ, ಇದು ನೆನಪಿಡ್ರಿ. ಕಾಯ್ದೆಯ 52ನೇ ಕಲಮು ಹವ್ಯಾಸಿ ಮೇಳ ಟಿಕೆಟ್ಟಿಲ್ಲದೆ ಹಾಡಿದರೆ, ಇಲ್ಲವೇ ನಿಜವಾದ ಧಾರ್ಮಿಕ ಕಾರ್ಯದಲ್ಲಿ ಹಾಡಿದರೆ ಉಲ್ಲಂಘನೆ ಅಲ್ಲ ಅಂತದ. ಅದೇ ಹಾಡನ್ನು ರೆಕಾರ್ಡ್ ಮಾಡಿ ಲೋಕಕ್ಕೆಲ್ಲ ಹಂಚಿದಾಗ ಆ ರಿಯಾಯಿತಿ ಸಿಗೋದಿಲ್ಲ. ಕಟ್ಟೆ ಮೇಲಿಂದ ಮೊಬೈಲಿಗೆ ದಾಟಿದ ಕೂಡಲೇ ಕಾನೂನು ಬದಲು.

ಈ 60 ಎಲ್ಲಿಂದ ಬಂತು? 1957ರ ಕಾಯ್ದೆಯಲ್ಲಿ ಇದ್ದದ್ದು 50. ರವೀಂದ್ರನಾಥ ಟ್ಯಾಗೋರರು 1941ರಲ್ಲಿ ತೀರಿಕೊಂಡರು, 1991ರ ಕೊನೆಗೆ ಅವರ ಕೃತಿಗಳು ವಿಶ್ವಭಾರತಿಯ ಕೈಬಿಟ್ಟು ಹೋಗುವುದಿತ್ತು. ವರ್ಷ ಮುಗಿಯಲಿಕ್ಕೆ ದಿನಗಳಿರುವಾಗ ಸುಗ್ರೀವಾಜ್ಞೆ ಬಂತು, 1992ರಲ್ಲಿ ತಿದ್ದುಪಡಿ ಆಯ್ತು, 50 ಹೋಗಿ 60 ಆಯ್ತು. ಒಬ್ಬರಿಗೋಸ್ಕರ ಮಾಡಿದ್ದು ಎಲ್ಲರಿಗೂ ಅನ್ವಯ.

ನಮ್ಮ ಕಡೆ ಇದರ ಪರಿಣಾಮ ನೋಡಬೇಕಂದ್ರ ಗಳಗನಾಥರನ್ನು ತಗೋರಿ. ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದ ಮನುಷ್ಯ, ತೀರಿಕೊಂಡಿದ್ದು 1942ರಲ್ಲಿ. ಹಳೇ ಲೆಕ್ಕದಲ್ಲಿ 1993ರ ಜನವರಿಗೆ ಯಾರು ಬೇಕಾದರೂ ಅವರನ್ನು ಅಚ್ಚು ಹಾಕಬಹುದಿತ್ತು, ಹೊಸ ಲೆಕ್ಕದಲ್ಲಿ 2003ರವರೆಗೆ ಕಾಯಬೇಕಾಯ್ತು. ಓದುಗರನ್ನು ಹುಡುಕಿ ಮನೆ ಬಾಗಿಲಿಗೆ ಹೋದವರ ಪುಸ್ತಕಕ್ಕೆ ಹತ್ತು ವರ್ಷ ಹೆಚ್ಚಿನ ಬೀಗ! ಟ್ಯಾಗೋರರ ಮೇಲೆ ನನಗೆ ತಕರಾರಿಲ್ಲ, ಆದರೆ ಈ ಹತ್ತು ವರ್ಷ ಯಾರಿಗೆ ಉಪಯೋಗ ಆಯ್ತು ಅಂತ ಕೇಳಲಿಕ್ಕೇ ಬೇಕು. ‘ಕರ್ನಾಟಕ ಗತವೈಭವ’ ಬರೆದ ಆಲೂರು ವೆಂಕಟರಾಯರು 1964ರಲ್ಲಿ ತೀರಿಕೊಂಡರು. ಅವರ ಪುಸ್ತಕಗಳ ಬೀಗ ತೆಗೆದದ್ದು 2025ರ ಜನವರಿ 1ಕ್ಕೆ, ಮೊನ್ನೆ ಮೊನ್ನೆ. ಬೇಂದ್ರೆಯವರು 1981, ಅಂದ್ರ 2042.

ಹಾಗಾದರೆ ನನ್ನ ಹತ್ತಿರ ಇರುವ ಬೇಂದ್ರೆ ಪುಸ್ತಕವನ್ನು ಮಾರಬಾರದಾ ಅಂತ ಒಬ್ಬ ಕೇಳುಗ ಮೆಸೇಜ್ ಮಾಡಿದ್ದ. ಧಾರಾಳ ಮಾರಪ್ಪ. ಒಮ್ಮೆ ಮಾರಾಟವಾದ ಪ್ರತಿ ಚಲಾವಣೆಗೆ ಬಂದಂಗ, ಅದರ ಮುಂದಿನ ಮಾರಾಟಕ್ಕೆ ಯಾರ ಅಪ್ಪಣೆಯೂ ಬೇಡ. ಹಳೇ ಪುಸ್ತಕದ ಅಂಗಡಿ ನಡೆಯೋದೇ ಇದರ ಮೇಲೆ. ಆದರೆ ನಿನ್ನ ಅಟ್ಟದ ಮೇಲೆ ಬೇಂದ್ರೆಯವರ ಕೈಬರಹದ ಮೂಲಪ್ರತಿಯೇ ಸಿಕ್ಕರೆ ಕತೆ ಬೇರೆ. 1994ರ ತಿದ್ದುಪಡಿಯಲ್ಲಿ ಸೇರಿದ 53ಎ ಕಲಮಿನ ಪ್ರಕಾರ ಮೂಲ ಹಸ್ತಪ್ರತಿ, ಚಿತ್ರ, ಶಿಲ್ಪ 10,000 ರೂಪಾಯಿ ಮೀರಿ ಮರುಮಾರಾಟವಾದರೆ ಕರ್ತೃವಿಗೆ, ಇಲ್ಲವೇ ವಾರಸುದಾರರಿಗೆ ಪಾಲು ಬರಬೇಕು, ಹೆಚ್ಚೆಂದರೆ ಶೇ 10. ಫ್ರಾನ್ಸಿನವರು ಇದನ್ನು 1920ರಲ್ಲೇ ತಂದಿದ್ದರು. ಕಾಪಿರೈಟ್ ಅವಧಿ ಮುಗಿದ ದಿನ ಈ ಪಾಲೂ ಮುಗೀತದ.

ಇನ್ನು ನಮ್ಮ ಮೂಕ ವಿಡಿಯೊ. ಅದನ್ನು ಅಳಿಸಿದೆವು. ಮೇಳದಲ್ಲಿ ಎಂಬತ್ತು ದಾಟಿದ ಒಬ್ಬರಿಗೆ ಕ್ಯಾಸೆಟ್ಟಿಗಿಂತ ಹಿಂದಿನ ಧಾಟಿ ಇನ್ನೂ ಬಾಯಲ್ಲಿತ್ತು, ಅವರ ಅಪ್ಪ ಹಾಡುತ್ತಿದ್ದದ್ದು. ಹುಡುಗರು ಎರಡು ಸೋಮವಾರ ಕುಂತು ಕಲಿತರು. ತಾಳ ಸ್ವಲ್ಪ ನಿಧಾನ, ಮೊದಲ ಸಲ ಎಲ್ಲರೂ ತಪ್ಪಿದರು. ಮೂರನೇ ಸೋಮವಾರ ರೆಕಾರ್ಡ್ ಮಾಡಿ ಹಾಕಿದೀವಿ. ನೋಟಿಸ್ ಇನ್ನೂ ಬಂದಿಲ್ಲ.